ಮೇಷ್ಟ್ರ ಕಾಫಿ ಪುಡಿ ಅಂಗಡಿ

ಏಳು ವರ್ಷ ನಾನು ಇಥಿಯೋಪಿಯದ ಒಂದು ಬೆಟ್ಟದೂರಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಐವತ್ತರ ದಶಕದಲ್ಲಿ ಆ ದೇಶಕ್ಕೆ ನಮ್ಮ ಕಡೆಯಿಂದ ಮೇಷ್ಟ್ರುಗಳು ಹೋಗುತ್ತಿದ್ದರು. ಸಂಬಳ ಚೆನ್ನಾಗಿತ್ತು, ಹವೆ ನಮ್ಮ ಹಾಸನದ ಹಾಗೇ ಇತ್ತು, ನಾನೂ ಹೊರಟೆ. ಮೊದಮೊದಲು ಖುಷಿಯಾಗಿಯೇ ಕಲಿಸಿದೆ. ಆಮೇಲೊಂದು ದಿನ ಪಾಠ ಹೇಳುತ್ತಾ ಹೇಳುತ್ತಾ ನನಗೇ ಆಕಳಿಕೆ ಬಂತು. ಹುಡುಗರಿಗೆ ಆಕಳಿಕೆ ಬಂದರೆ ಬೈಯಬಹುದು, ಮೇಷ್ಟ್ರಿಗೇ ಬಂದರೆ ಯಾರನ್ನು ಬೈಯುವುದು? ಈ ಕೆಲಸ ನನಗೆ ಸಾಕಾಗಿದೆ ಎಂದು ಅವತ್ತೇ ಗೊತ್ತಾಯಿತು.

ಅಲ್ಲಿ ನನ್ನ ಮನಸ್ಸು ಹಿಡಿದದ್ದು ಕಾಫಿ. ನಾನು ಬಾಡಿಗೆಗಿದ್ದ ಮನೆಯ ಯಜಮಾನಿ, ಯಾರಾದರೂ ಬಂದರೆ ಅವರ ಎದುರಿಗೇ ಕೂತು ಹಸಿ ಬೀಜ ಹುರಿಯುತ್ತಿದ್ದರು. ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೂ ಹಿಡಿಯುವರು. ನಾವು ಆ ಹೊಗೆಯನ್ನು ಕೈಯಿಂದ ಮೂಗಿನ ಕಡೆ ಎಳೆದುಕೊಂಡು ತಲೆದೂಗಬೇಕು. ಆಮೇಲೆ ಕುಟ್ಟಿ, ಕುದಿಸಿ, ಮೂರು ಸುತ್ತು ಕೊಡುವರು. ಮೂರನೆಯ ಸುತ್ತು ಮುಗಿಯುವ ಮುಂಚೆ ಎದ್ದು ಹೋಗುವಂತಿಲ್ಲ. ಶಾಲೆಯಿಂದ ಬಂದು ಅಲ್ಲಿ ಕೂತರೆ ನನಗೆ ದಿನದ ಆಯಾಸವೆಲ್ಲ ಇಳಿದುಹೋಗುತ್ತಿತ್ತು. ಹುರಿಯುವುದನ್ನು ಅವರಿಂದಲೇ ಕಲಿತೆ. ಊರಿಗೆ ಹೋಗಿ ಕಾಫಿ ಪುಡಿ ಅಂಗಡಿ ಇಡಬೇಕೆಂಬ ಹುಚ್ಚು ಹತ್ತಿದ್ದು ಅಲ್ಲೇ.

ಇನ್ನೊಂದು ಕಾರಣವೂ ಇತ್ತು. ಸಮುದ್ರ ದಾಟಲು ನನ್ನ ಹೆಂಡತಿ ಒಪ್ಪಿರಲಿಲ್ಲ. ಮಗಳನ್ನು ಕರೆದುಕೊಂಡು ಅರಕಲಗೂಡಿನ ತವರಿನಲ್ಲಿದ್ದಳು. ಒಮ್ಮೆ ರಜೆಗೆ ಬಂದಾಗ ಮಗಳು ಬಾಗಿಲ ಹಿಂದೆ ನಿಂತು, "ಅವ್ವಾ, ಯಾರೋ ನೆಂಟ್ರು ಬಂದವ್ರೆ" ಎಂದು ಕೂಗಿದಳು. ಹೆಂಡತಿ ನಕ್ಕಳು, ನಾನೂ ನಕ್ಕೆ. ಆದರೆ ಆ ಮಾತನ್ನು ಇಥಿಯೋಪಿಯದವರೆಗೂ ಹೊತ್ತುಕೊಂಡು ಹೋದೆ.

ಅರವತ್ತರ ದಶಕ ಶುರುವಾದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬಂದೇಬಿಟ್ಟೆ. ಅಲ್ಲಿನ ಹೆಡ್ಮಾಸ್ಟರು ಒಳ್ಳೆಯ ಮನುಷ್ಯ. ಒಂದು ವರ್ಷ ನಿನ್ನ ಜಾಗ ಹಾಗೇ ಇಟ್ಟಿರುತ್ತೇನೆ, ಮನಸ್ಸು ಬದಲಾದರೆ ಬಾ ಎಂದು ಹೇಳಿ ಕಳಿಸಿದ್ದರು. ಚನ್ನರಾಯಪಟ್ಟಣದ ಹತ್ತಿರ ತೆಂಗಿನ ತೋಟ ನೋಡಿಕೊಂಡಿದ್ದ ನಮ್ಮಣ್ಣನಿಗೆ ನನ್ನ ಆಲೋಚನೆ ಕೇಳಿ ತಲೆ ಕೆಟ್ಟುಹೋಯಿತು.

"ಮೇಷ್ಟ್ರಾಗಿದ್ದೋನು ಸಂತೆ ಬೀದೀಲಿ ತಕ್ಕಡಿ ಇಡ್ಕಂಡು ಕುಂತ್ಕತೀಯೇನ್ಲಾ? ಬ್ಯಾಡ ಕಣ್ಲಾ. ಆಸನ್ದಲ್ಲಿ ಯಾವ್ದಾರ ಐಸ್ಕೂಲ್ ಸೇರ್ಕ. ಇಲ್ಲಾಂದ್ರೆ ಬಂದು ತ್ವಾಟ ನೋಡ್ಕ."

ಹೆಂಡತಿ ಅಷ್ಟು ಮಾತಾಡಲಿಲ್ಲ. "ಒಂದ್ ವರ್ಸ ನೋಡುವ. ಅಂಗ್ಡಿ ನಡೀಲಿಲ್ಲ ಅಂದ್ರೆ ನೀವೊಬ್ರೇ ವಾಪಸ್ ಓಗಿ. ನಾನಂತೂ ಬರಾಕಿಲ್ಲ" ಎಂದಳು. ಅವಳನ್ನೂ ಮಗಳನ್ನೂ ಕರೆತಂದು ಹೊಳೆನರಸೀಪುರದಲ್ಲಿ ಮನೆ ಮಾಡಿದೆ. ಅಲ್ಲೂ ಅವಳು, ನಾನು ತಂದಿದ್ದ ಕಬ್ಬಿಣದ ಟ್ರಂಕನ್ನು ಅಟ್ಟಕ್ಕೆ ಹಾಕಲು ಬಿಡಲಿಲ್ಲ, ಖಾಲಿ ಮಾಡಲೂ ಬಿಡಲಿಲ್ಲ. ಇಥಿಯೋಪಿಯದಲ್ಲಿ ಶಾಲೆಗೆ ಹಾಕಿಕೊಳ್ಳುತ್ತಿದ್ದ ನನ್ನ ಉಣ್ಣೆ ಕೋಟು ಅದರೊಳಗೇ ಇತ್ತು, ಟ್ರಂಕು ನಡುಮನೆಯಲ್ಲಿತ್ತು. ದಿನಾ ಅದನ್ನು ಎಡವಿ ಬೈದುಕೊಳ್ಳುತ್ತಿದ್ದೆ.

ಆ ಊರಿನ ಸಂತೆ ಬೀದಿಯಲ್ಲೊಂದು ಮಳಿಗೆ ಹಿಡಿದೆ. ಇದ್ದಿಲೊಲೆಯ ಮೇಲೆ ತಿರುಗಿಸಿ ಬೀಜ ಹುರಿಯಲು ಕಬ್ಬಿಣದ ಉರುಳೆಯೊಂದನ್ನು ಮಾಡಿಸಿದೆ. ಹಾಸನದಿಂದ ರೈಲಿನಲ್ಲಿ ಬೀಜ ಬರುತ್ತಿತ್ತು. ಮೊದಲ ದಿನ ಹುರಿದಾಗ ಆ ಘಮ ಬೀದಿ ಕೊನೆಯವರೆಗೂ ಹೋಯಿತು. ಇನ್ನೇನು, ಜನ ಮುಗಿಬೀಳುತ್ತಾರೆ ಅಂದುಕೊಂಡೆ.

ಜನ ಬಂದರು. ಬಂದವರು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟರು. ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು, "ನಮಸ್ಕಾರ ಸಾ" ಎಂದು ಕೈಮುಗಿದು ನಿಂತರು. ಮೇಷ್ಟ್ರು ಅಂದರೆ ನಮ್ಮ ಕಡೆ ಹಾಗೆ. ಅದರಲ್ಲೂ ನಾನು ಫಾರಿನ್ ಮೇಷ್ಟ್ರು! ಗಿರಾಕಿಗಳಿಗೆಂದು ಹಾಕಿಸಿದ್ದ ಬೆಂಚಿನ ಮೇಲೆ ಒಬ್ಬರೂ ಕೂರಲಿಲ್ಲ. ಬೀಡಿ ಸೇದುತ್ತಾ ಬರುವವರು ಅಂಗಡಿ ಕಂಡ ಕೂಡಲೇ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಳ್ಳುವರು. ಮಗನನ್ನು ಯಾವ ಶಾಲೆಗೆ ಸೇರಿಸಲಿ ಎಂದು ಕೇಳುವರು, ಮೊಹರಿದ್ದ ಕಾಗದ ತಂದು ಓದಿಸಿಕೊಳ್ಳುವರು. ಆಮೇಲೆ ಮತ್ತೊಮ್ಮೆ ಕೈಮುಗಿದು, ಪಕ್ಕದ ಬೀದಿಯ ಅಂಗಡಿಗೆ ಹೋಗಿ ಪುಡಿ ಕೊಳ್ಳುವರು.

ಆ ಅಂಗಡಿಯನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅಲ್ಲಿ ಗಿರಾಕಿಗಳು ಎರಡು ಬೀಜ ಬಾಯಿಗೆ ಹಾಕಿಕೊಂಡು ಕಟುಮ್ಮೆನ್ನಿಸಿ ಉಗಿಯುವರು, ಥೂ ಇದೂ ಒಂದು ಪುಡಿಯಾ ಎಂದು ಜಗಳ ತೆಗೆಯುವರು, ಚೌಕಾಸಿ ಮಾಡುವರು, ಕೊನೆಗೆ ನಗುತ್ತಾ ಪೊಟ್ಟಣ ಹಿಡಿದು ಹೋಗುವರು. ನನ್ನ ಅಂಗಡಿಯೋ ಮಠದ ಹಾಗೆ ಗಪ್‌ಚಿಪ್. ದಾಕ್ಷಿಣ್ಯಕ್ಕೆ ಒಮ್ಮೆ ಕೊಂಡವರೂ ಮತ್ತೆ ಕೊಳ್ಳಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ. ಪುಡಿ ಹೇಗಿತ್ತು ಎಂದು ಎದುರು ಸಿಕ್ಕವರನ್ನು ಕೇಳಿದರೆ "ಬೋ ಚೆಂದಾಗಿತ್ತು ಸಾ" ಎಂದು ನೆಲ ನೋಡುವರು.

ವರ್ಷ ಮುಗಿಯುತ್ತಾ ಬಂತು. ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ, ಟ್ರಂಕಿನಲ್ಲಿದ್ದ ಕೋಟು ಹಿತ್ತಲಿನ ತಂತಿಯ ಮೇಲೆ ಬಿಸಿಲು ಕಾಯುತ್ತಿತ್ತು. ಯಾಕೆ ಎಂದು ಹೆಂಡತಿಯನ್ನು ಕೇಳಲಿಲ್ಲ, ಕೇಳಲು ಧೈರ್ಯ ಬರಲಿಲ್ಲ.

ಅದಾದ ಮುಂದಿನ ಸಂತೆಯ ದಿನ. ಅಂಗಡಿ ಮುಂದೆ ನಾಲ್ಕಾರು ಜನ ಎಂದಿನಂತೆ ಕೈಕಟ್ಟಿ ನಿಂತಿದ್ದರು. ಅರಕಲಗೂಡು ಬಸ್ಸಿನಿಂದ ಇಳಿದ ಒಬ್ಬ ಅಜ್ಜಿ ನೆಟ್ಟಗೆ ಬಂದು, ಚಪ್ಪಲಿ ಮೆಟ್ಟಿಕೊಂಡೇ ಮೆಟ್ಟಿಲು ಹತ್ತಿ, ನನ್ನ ಬೆಂಚಿನ ಮೇಲೆ ಧೊಪ್ಪನೆ ಕೂತಳು. ಸೊಂಟದಿಂದ ನನ್ನ ಅಂಗಡಿಯದೇ ಒಂದು ಪೊಟ್ಟಣ ತೆಗೆದು ನನ್ನ ಮುಂದೆ ಕುಕ್ಕಿದಳು.

"ಏನಯ್ಯಾ, ಇದು ಕಾಪಿ ಪುಡಿನಾ, ಇದ್ಲು ಪುಡಿನಾ? ಮೊಮ್ಮಗಳ ನೋಡಾಕೆ ಗಂಡಿನ ಕಡೆಯೋರು ಬಂದಿದ್ರು. ಒಂದ್ ಗುಟುಕು ಕುಡುದ್ರು ನೋಡು, ಎಲ್ರ ಮೊಕವೂ ಇಂಡ್ಕಂಡ್ ಓಯ್ತು. ಇದ್ಯಾವ ಕಸಾಯ, ಯಾರ್ಗಾದ್ರೂ ಜರ ಬಂದೈತಾ ಅಂತ ಕೇಳುದ್ರು! ಮಾನ ಕಳ್ದ್ಬುಟ್ಟಲ್ಲಯ್ಯಾ!"

ನಿಂತಿದ್ದವರಿಗೆ ಜೀವ ಬಾಯಿಗೆ ಬಂತು. ಒಬ್ಬ ಮೆಲ್ಲಗೆ, "ಅಜ್ಜೀ, ಅಂಗೆಲ್ಲ ಅನ್ಬಾರ್ದು. ಅವ್ರು ಮೇಷ್ಟ್ರು ಕಣಜ್ಜಿ" ಎಂದ.

"ಮೇಷ್ಟ್ರಾದ್ರೇನ್ಲಾ? ಪುಡಿ ಮಾರಾಕ್ ತಾನೆ ಕುಂತವ್ನೆ? ನಾನೇನು ಅವ್ನ ತಾವ ಓದಾಕ್ ಬಂದಿಲ್ಲ."

ನನ್ನ ಹಳೇ ಚಾಳಿ ಬಿಡಲಿಲ್ಲ. ಇಥಿಯೋಪಿಯದಲ್ಲಿ ಬೀಜವನ್ನು ಇಷ್ಟು ಕಪ್ಪಗೆ ಹುರಿಯುತ್ತಾರೆ, ಚಿಕೋರಿ ಬೇರಿನ ಪುಡಿ ಬೆರೆಸುವುದು ಕಾಫಿಗೆ ಮಾಡುವ ಮೋಸ ಎಂದು ವಿವರಿಸಲು ಹೊರಟೆ. "ಸುಮ್ಕಿರು ಸಾಕು. ನಮ್ಮನೇಲಿ ಕುಡಿಯೋರು ನಾವು. ಒಸಿ ಕೆಂಪುಗ್ ಉರಿ, ಚಿಕೋರಿ ಆಕು, ಆಲು ಉಯ್ದ್ರೆ ಬಣ್ಣ ಬರಬೇಕು" ಎಂದಳು.

ಆಗ ಹಿಂದಿನಿಂದ ಒಂದು ದನಿ ಕೇಳಿತು: "ಅಜ್ಜಿ ಏಳಿದ್ದು ದಿಟ ಕಣ್ ಸಾ. ನಮ್ಮನೇಲೂ ಚೆಲ್ದೊ." ಇನ್ನೊಬ್ಬ, "ನಮ್ಮವ್ವ ತಿಂಗ್ಳಾನುಗಟ್ಲೆಯಿಂದ ಬೈತಾವ್ಳೆ ಸಾ" ಎಂದ. ತೂಬು ಕಿತ್ತ ಹಾಗೆ ಎಲ್ಲರ ದೂರೂ ಹೊರಬಂತು. ನನಗೆ ನಾಚಿಕೆಯಾಗಬೇಕಿತ್ತು, ಆಗಿದ್ದು ಖುಷಿ. ಓಡಿಹೋಗಿ ಪಕ್ಕದ ಬೀದಿಯ ಅಂಗಡಿಯಿಂದಲೇ ಚಿಕೋರಿ ತಂದೆ. ಹೊಸದಾಗಿ ಬೀಜ ಹುರಿದು, ಹೊಗೆಯಾಡುವುದನ್ನು ಮೊರಕ್ಕೆ ಸುರಿದು ಅಜ್ಜಿಯ ಮೂಗಿನ ಮುಂದೆ ಹಿಡಿದೆ. ಅವಳು ಮೂಸಿ ನೋಡಿ ತಲೆದೂಗಿದಳು. ಅಲ್ಲೇ ಪುಡಿ ಮಾಡಿ, ಚಿಕೋರಿ ಬೆರೆಸಿ, ಡಿಕಾಕ್ಷನ್ ಇಳಿಸಿ, ಹಾಲು ತರಿಸಿ, ಎಲ್ಲರಿಗೂ ಕೊಟ್ಟೆ. ಒಂದು ಲೋಟ ಕುಡಿದು ಅಜ್ಜಿ ಎದ್ದಳು.

"ಕೂತ್ಕೊಳಜ್ಜಿ, ಇನ್ನೂ ಎರಡು ಸುತ್ತು ಇದೆ" ಎಂದೆ.

"ಬಸ್ಸು ಓಗ್ಬುಡ್ತದೆ ಕಣಪ್ಪಾ" ಎಂದಳು. ಆದರೂ ಕೂತಳು. ಆ ಕಷಾಯ ಕುಡಿದರೂ ಗಂಡು ಮೊಮ್ಮಗಳನ್ನು ಒಪ್ಪಿದ್ದಾನಂತೆ, ಮದುವೆಗೂ ಪುಡಿ ಇಲ್ಲಿಂದಲೇ, ಆದರೆ ಅವಳೇ ನಿಂತು ಹುರಿಸುವಳಂತೆ. ಅವಳ ಪಕ್ಕದಲ್ಲಿ ಒಬ್ಬ ಚಪ್ಪಲಿ ಹಾಕಿಕೊಂಡೇ ಬೆಂಚಿಗೆ ಒರಗಿ ಬೀಡಿ ಹಚ್ಚಿದ. ಇನ್ನೊಬ್ಬ ನನ್ನ ತಕ್ಕಡಿಯನ್ನು ಬೆರಳಲ್ಲಿ ತೋರಿಸಿ, "ಒಸಿ ಕೆಳಿಕ್ಕೆ ಬರ್ಲಿ ಸಾ, ಜೀನ ಮಾಡ್ಬೇಡಿ" ಎಂದ.

ಸಂಜೆ ಮನೆಗೆ ಬಂದವನೇ, "ಇವತ್ತು ಅಂಗಡೀಲಿ ಒಬ್ಬಳು ಅಜ್ಜಿ ನನ್ನನ್ನ ಚೆನ್ನಾಗಿ ಬೈದಳು" ಎಂದೆ.

ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. "ಎಲ್ರ ಮುಂದೇನಾ?"

"ಎಲ್ಲರ ಮುಂದೆ. ಆಮೇಲೆ ಎಲ್ಲರೂ ಬೈದರು."

ಅವಳು ನೆಟ್ಟಗೆ ನಡುಮನೆಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದು, ಕೋಟನ್ನು ಗೋಡೆಯ ಗೂಟಕ್ಕೆ ನೇತುಹಾಕಿದಳು. "ಈ ಟ್ರಂಕ ಅಂಗ್ಡಿಗೆ ತಗಂಡೋಗಿ. ಚಿಕೋರಿ ತುಂಬಿಡಿ, ಇಲಿ ಬಾಯಿ ಆಕಾಕಿಲ್ಲ" ಎಂದಳು.

ಮಾರನೆಯ ಬೆಳಿಗ್ಗೆ ಟ್ರಂಕಿನ ಒಂದು ಹಿಡಿ ನಾನು, ಇನ್ನೊಂದು ಹಿಡಿ ಮಗಳು ಹಿಡಿದು ಬೀದಿಗಿಳಿದೆವು. ಎದುರಿಗೆ ಬಂದ ನೆರೆಮನೆಯವರು ಗಾಬರಿಯಾಗಿ, "ಏನ್ ಸಾ, ಮತ್ತೆ ಆಫ್ರಿಕಾಕ್ಕಾ?" ಎಂದರು.

ನಾನು ಬಾಯಿ ತೆರೆಯುವ ಮುಂಚೆ ಮಗಳೇ ಹೇಳಿದಳು: "ಇಲ್ಲ, ನಮ್ಮಪ್ಪನ್ ಅಂಗ್ಡಿಗೆ."