ಮಗಳು ಬಯಸಿದ ಶಾವಿಗೆ ಐಸು

ನಿಮ್ಮಮ್ಮ ಶಾವಿಗೆ ಐಸಿನ ಕಥೆ ಹೇಳುವಾಗ ನೀವಿಬ್ಬರೂ ಬಾಯಿ ಚಪ್ಪರಿಸುತ್ತೀರಿ. ಅದರಲ್ಲಿ ಏನಿತ್ತು ಅಂತ ನನ್ನನ್ನು ಕೇಳಿ. ನೀರು, ಸ್ಯಾಕ್ರಿನ್, ತುದಿಯಲ್ಲಿ ಒಂದು ಚಿಟಿಕೆ ಬೆಂದ ಶಾವಿಗೆ, ಹಿಡಿಯಲು ಬಿದಿರಿನ ಕಡ್ಡಿ. ಐಸಿನವನು ಸೈಕಲ್ಲಿನಲ್ಲಿ ಹಾರನ್ ಒತ್ತುತ್ತ ಸಿಂಗಸಂದ್ರದ ನಮ್ಮ ಬೀದಿಗೆ ಬಂದರೆ ಸಾಕು, ಚಿಕ್ಕವಳಿದ್ದಾಗ ಅವಳು ಊಟದ ತಟ್ಟೆ ಬಿಟ್ಟು ಓಡುತ್ತಿದ್ದಳು. ಆಮೇಲೆ ಅದೇ ಐಸು ನಮಗೆ ಎಷ್ಟು ತಲೆನೋವು ತಂದಿತು ಎಂಬುದನ್ನು ಮಾತ್ರ ಅವಳು ಹೇಳುವುದಿಲ್ಲ. ನಾನು ಬರೆದಿಡುತ್ತೇನೆ.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ನಿಮ್ಮಲ್ಲಿ ದೊಡ್ಡವನು ಹೊಟ್ಟೆಯಲ್ಲಿದ್ದ. ಅವಳಿಗೆ ಮೂರನೇ ತಿಂಗಳು. ವಾಂತಿ ನಿಲ್ಲದೆ ತವರಿಗೆ ಕರೆತಂದಿದ್ದೆವು. ಗಂಜಿ ಕುಡಿದರೆ ಗಂಜಿ, ಎಳನೀರು ಕುಡಿದರೆ ಎಳನೀರು, ಎಲ್ಲವೂ ವಾಪಸ್ಸು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಹಾಕಬೇಕಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅಂಥ ಹೊತ್ತಿನಲ್ಲಿ ಇವಳು, "ಶಾವಿಗೆ ಐಸು ಸಿಕ್ಕಿದ್ರೆ ತಿಂತೀನಿ" ಅಂದಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮತ್ತೆ ಬೇರೆ ಹೆದರಿಸಿದರು.

ಪರಗಂಡಸರ ಎದುರು ಬಾಯಿ ಬಿಡದ ನಾನು ಗೇಟಿನ ಹಿಂದೆ ನಿಂತು ಐಸಿನವನನ್ನು ಕೂಗಿದೆ.

"ಶಾವಿಗೇದು ಐತಾ ಅಣ್ಣ?"

"ಅದೆಲ್ಲಿ ಅಕ್ಕಾ, ಫ್ಯಾಕ್ಟ್ರಿಯೋರು ನಿಲ್ಸೇಬಿಟ್ರು. ಈಗೆಲ್ಲಾ ಕಪ್ ಐಸ್‌ಕ್ರೀಮೇ ಕೇಳೋದು. ಕೊಡ್ಲಾ?"

"ಬ್ಯಾಡ."

"ತಿಂದ್ ನೋಡಕ್ಕಾ, ಅದ್ರಪ್ಪನಂಗೈತೆ!"

ನಿಮ್ಮ ತಾತ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮುಗಿಸಿ, ಅತ್ತಿಬೆಲೆಯವರೆಗೂ ಹೋಗಿ ಹುಡುಕಿ, ಕೊನೆಗೆ ಒಂದು ಡಬ್ಬಿ ಐಸ್‌ಕ್ರೀಮ್ ತಂದರು. "ಐಸು ಐಸೇ ಅಲ್ವೇನೇ?" ಅಂದರು. ಅವಳು ವಾಸನೆಗೇ ಬಚ್ಚಲಿಗೆ ಓಡಿದಳು. ಡಬ್ಬಿಯನ್ನು ತಾತನೇ ಖಾಲಿ ಮಾಡಿದರು.

ಇನ್ನು ನಾನೇ ಮಾಡುವುದೆಂದು ಗಟ್ಟಿ ಹಾಲು ಕಾಯಿಸಿ, ಶಾವಿಗೆಯನ್ನು ತುಪ್ಪದಲ್ಲಿ ಹುರಿದು, ಏಲಕ್ಕಿ ಹಾಕಿ, ಲೋಟಗಳಲ್ಲಿ ತುಂಬಿ ಫ್ರೀಜರಿಗಿಟ್ಟೆ. ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ಕರೆಂಟಿದ್ದಷ್ಟು ಹೊತ್ತೂ ಅತ್ತೆ, ಗಟ್ಟಿಯಾಯಿತೇ ಎಂದು ಬಾಗಿಲು ತೆರೆದು ತೆರೆದು ನೋಡಿದರು. ಅಂತೂ ಮಾರನೇ ದಿನ ಗಟ್ಟಿಯಾಯಿತು. ಮಗಳು ಒಂದು ಚಮಚ ಬಾಯಿಗಿಟ್ಟು ಮುಖ ಕಿವಿಚಿದಳು.

"ಅಮ್ಮಾ, ಇದು ಪಾಯಸ ಕಣಮ್ಮ."

"ಆದ್ರೇನೀಗ? ಒಳ್ಳೇ ಹಾಲು, ಮನೇ ತುಪ್ಪ!"

"ಅದೇ ಕಣಮ್ಮ, ತುಪ್ಪದ ವಾಸ್ನೆ. ಅದ್ರಲ್ಲಿ ಏನೂ ಇರ್ತಿರ್ಲಿಲ್ಲ."

ಬಸುರಿ ಮಗಳಿಗೆ ಏನೂ ಇಲ್ಲದ್ದನ್ನು ಯಾವ ತಾಯಿ ಮಾಡಿಕೊಡುತ್ತಾಳೆ? ನನಗೆ ರೇಗಿಹೋಯಿತು. ಆ ಸಿಟ್ಟಿನಲ್ಲೇ ಹಾಲು, ತುಪ್ಪ, ಏಲಕ್ಕಿ ಎಲ್ಲ ಬಿಟ್ಟು, ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ ಕದಡಿದೆ. ಸಪ್ಪೆಯಾಗಿ ಬೇಯಿಸಿದ ಶಾವಿಗೆಯನ್ನು ಲೋಟದ ತಳಕ್ಕೆ ಹಾಕಿ, ಮೇಲೆ ಆ ನೀರು ಸುರಿದು, ನಡುವೆ ಚಮಚ ನಿಲ್ಲಿಸಿ ಒಳಗಿಟ್ಟೆ. ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಅತ್ತೆಗೂ ಬಾಗಿಲು ಮುಟ್ಟಲು ಬಿಡಲಿಲ್ಲ.

ಸಂಜೆ ಲೋಟವನ್ನು ನಲ್ಲಿ ನೀರಿಗೆ ಹಿಡಿದು ಐಸು ಬಿಡಿಸಿ ಕೊಟ್ಟೆ. ಚೀಪಿದಳು, ಕಚ್ಚಿದಳು, ಮೊಣಕೈವರೆಗೆ ಸೋರಿಸಿಕೊಂಡು ಮುಗಿಸಿದಳು. ನಾನು ನೀರಿನ ಚೊಂಬು ಹಿಡಿದು ಪಕ್ಕದಲ್ಲೇ ಕಾದು ನಿಂತಿದ್ದೆ. ವಾಂತಿಯಾಗಲಿಲ್ಲ.

"ಹೆಂಗಿತ್ತೇ?"

"ಪರವಾಗಿಲ್ಲ. ಇನ್ನೂ ಸ್ವಲ್ಪ ಕೆಟ್ಟದಾಗಿರ್ಬೇಕಿತ್ತು."

"ನಿನ್ ತಲೆ!" ಎಂದು ಬೈದು, ಎರಡನೇ ಲೋಟ ತರಲು ಒಳಗೆ ಹೋದೆ.