ಗೇಣಿಗೊಂದು ಕಾಯಿ

ಮೇ ತಿಂಗಳ ಎರಡನೆಯ ಶನಿವಾರ, ಬೆಳಗಿನ ಏಳು ಗಂಟೆ. ಅಮೆರಿಕದ ಷಾರ್ಲೆಟ್ಟಿನ ನಮ್ಮ ಹಿತ್ತಿಲಲ್ಲಿ ಹಾಜರಿದ್ದವರು ನಾನು, ಬುಟ್ಟಿ ಹಿಡಿದ ನನ್ನ ಹೆಂಡತಿ ಸರಳಾ, ಮರಕ್ಕೆ ಒರಗಿದ ಏಣಿ. ತವರಿಗೆ ಬಂದಿದ್ದ ಮಗಳು ಅನು ಇನ್ನೂ ಎದ್ದಿರಲಿಲ್ಲ. ಅವಳು ಏಳುವ ಮೊದಲೇ ಕೆಲಸ ಮುಗಿಸಬೇಕೆಂಬುದು, ಬಾಯಿಬಿಟ್ಟು ಹೇಳದಿದ್ದರೂ, ನಮ್ಮಿಬ್ಬರ ಒಪ್ಪಂದವಾಗಿತ್ತು.

ಕೆಲಸವೆಂದರೆ ಕಾಯಿ ಕೀಳುವುದು. ನಮ್ಮದು ಏಪ್ರಿಕಾಟನ್ನೂ ಪ್ಲಮ್ಮನ್ನೂ ಬೆರೆಸಿ ಪಡೆದ ಸಂಕರದ ಮರ. ಪ್ಲುವಾಟ್ ಎಂದು ಇಲ್ಲಿ ಅದರ ಹೆಸರು. ಹಿತ್ತಿಲಿನ ಉಳಿದೆಲ್ಲ ಮರಗಳಿಗಿಂತ ಮೊದಲು ಹೂ ಬಿಟ್ಟು, ಎಲ್ಲಕ್ಕಿಂತ ಕೊನೆಗೆ, ಸೆಪ್ಟೆಂಬರಿನಲ್ಲಿ ಹಣ್ಣಾಗುತ್ತದೆ. ತಡವಾಗಿ ಹಣ್ಣಾಗುವುದೆಂದರೆ, ಸ್ನೇಹಿತರೇ, ಹೆಚ್ಚು ದಿನ ಹೆದರುವುದು: ಮಾರ್ಚಿನ ಹಿಮಕ್ಕೆ, ಆಮೇಲಿನ ಆಲಿಕಲ್ಲಿಗೆ, ಕಾಯಿಯೊಳಗೆ ಮೊಟ್ಟೆಯಿಡುವ ದುಂಬಿಗೆ, ಅಳಿಲಿಗೆ, ಕೊನೆಯ ಗಳಿಗೆಯಲ್ಲಿ ಕಡಲ ಕಡೆಯಿಂದ ಬರುವ ಚಂಡಮಾರುತಕ್ಕೆ. ಕಾಯಿ ನೆಲ್ಲಿಯಷ್ಟಾದಾಗ ಗೇಣಿಗೊಂದನ್ನು ಉಳಿಸಿ ಮಿಕ್ಕದ್ದನ್ನು ಕಿತ್ತುಹಾಕಬೇಕು. ಇಲ್ಲದಿದ್ದರೆ ಭಾರಕ್ಕೆ ಕೊಂಬೆ ಸೀಳುತ್ತದೆ.

ಆದರೆ ಬಸುರಿಯಿರುವ ಮನೆಯಲ್ಲಿ ಎಳೆಗಾಯಿ ಕೀಳಬಾರದೆಂಬುದು ಸರಳಾಳ ಮನೆತನದ ಕಟ್ಟಳೆ. ಹೋದ ವರ್ಷ ಅದನ್ನು ಕೇಳಿ ನಕ್ಕು ಏಣಿ ಹತ್ತಿದ್ದೆ. ಅದೇ ವಾರ ಅನುವಿನ ಬಸಿರು ನಿಲ್ಲಲಿಲ್ಲ.

ನಾನು ಅರಿವಳಿಕೆ ಕೊಡುವ ವೈದ್ಯನಾಗಿದ್ದವನು. ಉಳಿದವರು ಕೊಯ್ದು ಹೊಲಿಯುವಾಗ ರೋಗಿಯ ಉಸಿರನ್ನು ಕಾಯುತ್ತ, ಭಯಗಳನ್ನೆಲ್ಲ ಕ್ರಮವಾಗಿ ಜೋಡಿಸಿಕೊಂಡು ಕೂರುವುದೇ ನನ್ನ ವೃತ್ತಿಯಾಗಿತ್ತು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಗಿರಬೇಕಿಲ್ಲವೆಂದು ಚೆನ್ನಾಗಿ ಬಲ್ಲೆ. ಬಲ್ಲದ್ದು ತಲೆ, ಕೈ ಮಾತ್ರ ಕಾಯಿಯ ಹತ್ತಿರ ಹೋಗಿ ಹೋಗಿ ಹಿಂದಕ್ಕೆ ಬರುತ್ತಿತ್ತು.

ಕೀಳದೆ ಬಿಟ್ಟರೇನಾಗುತ್ತದೆ ಎಂದು ಸರಳಾ ಕೇಳಿದಳು. ಕೊಂಬೆ ಮುರಿಯುತ್ತದೆ ಎಂದೆ. ಅನುವಿಗೆ ಈಗ ನಾಲ್ಕನೆಯ ತಿಂಗಳು. ಕಾಯಿ ತೂಗುವ ಆಗಸ್ಟಿನಲ್ಲಿ ಏಳನೆಯದು. ಆಗ ಕಣ್ಣೆದುರು ಕೊಂಬೆ ಮುರಿದು ಬೀಳುವುದು ಇನ್ನೂ ಕೆಟ್ಟ ಶಕುನವೆಂದು ಸರಳಾ ಹೇಳಲಿಲ್ಲ, ನಾನೂ ಹೇಳಲಿಲ್ಲ. ಭಯದ ಜಾಣತನ ನೋಡಿ: ನೀವು ಯಾವ ದಾರಿ ಹಿಡಿದರೂ ಅದು ಮುಂಚೆಯೇ ಹೋಗಿ ಅಲ್ಲಿ ಕೂತಿರುತ್ತದೆ.

ಹಿಂಬಾಗಿಲು ಸರಿಯಿತು. ಅನು ಹೊದಿಕೆ ಸುತ್ತಿಕೊಂಡು ಬಂದು ನಿಂತಳು. ಇಷ್ಟು ಬೇಗ ಇಲ್ಲೇನು ಮಾಡುತ್ತಿದ್ದೀರಿ ಎಂದು ಕೇಳಿದಳು.

"ಬಿಸಿಲೇರುತ್ತೆ ಅಂತ ಕಣೇ. ನೀನು ಒಳಗೆ ಹೋಗು, ಚಳಿ," ಎಂದಳು ಸರಳಾ.

"ಬಿಸಿಲಾ, ಚಳಿನಾ? ಒಂದು ಪಿಕ್ ಮಾಡಮ್ಮ."

ಅನು ಏಣಿಯ ಬುಡಕ್ಕೆ ಬಂದು ನನ್ನನ್ನೇ ನೋಡಿ, ಇಲ್ಲೇ ಹುಟ್ಟಿ ಬೆಳೆದ ತನ್ನ ಕನ್ನಡದಲ್ಲಿ ಹೇಳಿದಳು:

"ಅಪ್ಪ, ಲಾಸ್ಟ್ ಇಯರ್ ಆದ್ಮೇಲೆ ನೀವಿಬ್ರೂ ಆ ಬೇಬಿ ಬಗ್ಗೆ ಒಂದ್ಸಲಾನೂ ಮಾತಾಡ್ಲಿಲ್ಲ. ನಂಗೆ ಟ್ರೀ ಭಯ ಇಲ್ಲ. ನೀವು ಕ್ವಾಯಟ್ ಆಗ್ತೀರಲ್ಲ, ಅದು ಭಯ."

ಭಯವನ್ನು ಮುಖದಲ್ಲಿ ತೋರಿಸಬಾರದೆಂದು ನನಗೆ ಕಲಿಸಿದ್ದರು. ನೂರಾರು ಜನರನ್ನು ಆ ಮುಖದಿಂದಲೇ ನಿದ್ದೆಗೆ ಕಳಿಸಿದ್ದೇನೆ. ಆದರೆ ಅನು ಎಚ್ಚರವಾಗಿದ್ದಳು.

"ನನಗೂ ಭಯ ಕಣಮ್ಮ," ಎಂದೆ. "ತುಂಬ ಭಯ."

ಅವಳು ತಲೆಯಾಡಿಸಿದಳು. ಆಮೇಲೆ ಉಳಿಯಬೇಕಾದ ಕಾಯಿಗಳನ್ನು ಒಂದೊಂದಾಗಿ ಕೆಳಗಿನಿಂದಲೇ ತೋರಿಸತೊಡಗಿದಳು. ಮಿಕ್ಕವನ್ನು ನಾನು ಕಿತ್ತೆ. ಮೊದಲು ಮುಖ ತಿರುಗಿಸಿ ನಿಂತಿದ್ದ ಸರಳಾ, ಕಾಯಿಗಳು ನೆಲಕ್ಕೆ ಬೀಳುವುದನ್ನು ತಾಳಲಾರದೆ ಬುಟ್ಟಿಯೊಡ್ಡಿಕೊಂಡು ಬಂದಳು. ಕೀಳುತ್ತಿದ್ದಷ್ಟು ಹೊತ್ತೂ ಮಾತು ನಡೆಯಿತು. ಆ ಮಗುವಿಗೆ ಹೆಸರೊಂದನ್ನು ಯೋಚಿಸಿಟ್ಟಿದ್ದೆನೆಂದು ಅನು ಹೇಳಿದಳು. ಅದನ್ನು ನಾವಿಬ್ಬರೂ ಮೊದಲ ಬಾರಿಗೆ ಕೇಳಿದೆವು.

ಕೊನೆಗೆ ಪೂರ್ವದ ಕಡೆಯ ಕೊಂಬೆಯೊಂದು ಉಳಿಯಿತು. "ಅದೊಂದು ಬಿಟ್ಬಿಡಿ," ಎಂದಳು ಸರಳಾ. ನಾನು ವಾದಿಸಲಿಲ್ಲ, ಅನು ನಗಲಿಲ್ಲ. ಗ್ಯಾರೇಜಿನಿಂದ ಮರದ ಪಟ್ಟಿಯೊಂದನ್ನು ತಂದು ಆ ಕೊಂಬೆಗೆ ಊರುಗೋಲು ಕೊಟ್ಟು, ತೊಗಟೆ ಉಜ್ಜದಂತೆ ಹಳೆಯ ಪಂಚೆಯ ತುಂಡನ್ನು ನಡುವೆ ಇಟ್ಟು ಕಟ್ಟಿದೆ. ಗಂಟನ್ನು ಎಳೆದು ನೋಡಿದೆ. ಅನುವೂ ಒಮ್ಮೆ ಎಳೆದು ನೋಡಿದಳು.