ಚೈನಾ ಗ್ರಾಸಿನ ಹೊಟ್ಟೆ

ಕಾನ್ವೆಂಟಿನ ಸಿಸ್ಟರ್ ನನಗೆ ಪುಡ್ಡಿಂಗ್ ಕಲಿಸಿದ್ದು ಮುಂದೆ ಸರ್ಜನ್‌ಗಳ ಟ್ರೇನಿಂಗಿಗೆ ಒದಗಲಿ ಎಂದು ಖಂಡಿತ ಅಲ್ಲ. ಆದರೆ ಹೋದ ವರ್ಷ ರಾಯದುರ್ಗದ ನನ್ನ ಅಡುಗೆಮನೆಯಲ್ಲಿ ಅದು ಒದಗಿದ್ದು ಅದಕ್ಕೇ.

ಮಡಕಶಿರಾದಿಂದ ಬಂದ ತಂಗಿಯ ಮೊಮ್ಮಗಳು ನನ್ನ ಜೊತೆ ಇದ್ದಳು. ಹೊಸ ಸರ್ಜನ್, ಇಲ್ಲಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಕೆಲಸ. ಬೈಕಿನಿಂದ ಬಿದ್ದು ಬಂದವರ ಹೊಟ್ಟೆಯೊಳಗೆ ರಕ್ತ ಸೋರಿದೆಯೇ ಎಂದು ಸ್ಕ್ಯಾನ್ ಮಾಡಿ ಹೇಳುವುದನ್ನು ಅವಳು ಕಲಿತು, ದೊಡ್ಡ ಡಾಕ್ಟರ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಅಲ್ಲಿಯವರೆಗೆ ದೊಡ್ಡ ಡಾಕ್ಟರು ಊರಲ್ಲಿಲ್ಲದ ದಿನ ಅಂಥವರನ್ನೆಲ್ಲ ಬಳ್ಳಾರಿಗೆ ಕಳಿಸಬೇಕು. ಒಬ್ಬರ ಜೀವ ದಾರಿಯಲ್ಲೇ ಹೋಯಿತು. ಹುಡುಗಿ ಎರಡು ದಿನ ತಟ್ಟೆ ಮುಂದೆ ಕೂತು, ಉಣ್ಣದೆ ಎದ್ದಳು.

ಅಭ್ಯಾಸಕ್ಕೆಂದೇ ರಬ್ಬರಿನ ಮಾಡೆಲ್‌ಗಳು ಇರುತ್ತವಂತೆ. ನಮ್ಮಂಥ ಊರಿಗೆ ಅವು ಬರುವುದಿಲ್ಲ.

“ಜೆಲಟಿನ್ ಗಟ್ಟಿ ಮಾಡಿ, ಒಳಗೆ ನೀರು ತುಂಬಿದ ಬಲೂನ್ ಇಟ್ರೆ ಸಾಕು ಕಣಜ್ಜಿ. ಸ್ಕ್ಯಾನಲ್ಲಿ ನೀರು ಕಪ್ಪಗೆ ಕಾಣ್ಸುತ್ತೆ, ರಕ್ತ ಕಾಣ್ಸೋ ಹಂಗೇ.”

“ಎಲುಬು ಕುದಿಸಿ ಮಾಡೋ ಜೆಲಟಿನ್ ನನ್ನ ಪಾತ್ರೆಗಾ? ನೋ, ಮೈ ಡಿಯರ್,” ಎಂದೆ.

ಬದಲಿಗೆ, ಸಿಸ್ಟರ್ ಪುಡ್ಡಿಂಗಿಗೆ ಹಾಕುತ್ತಿದ್ದ ಕಡಲಪಾಚಿಯ ಚೈನಾ ಗ್ರಾಸ್ ಕುದಿಸಿದೆ. ಸ್ಕ್ಯಾನಿನಲ್ಲಿ ಮಾಂಸದಂತೆ ಮಸುಕಾಗಿ ಕಾಣಲು ಇಸಬ್‌ಗೋಲ್ ಬೆರೆಸಬೇಕಿತ್ತು. ಹೊಟ್ಟೆಗೂ ಇಸಬ್‌ಗೋಲಿಗೂ ಇರುವ ಸಂಬಂಧವನ್ನು ಈ ವಯಸ್ಸಿನಲ್ಲಿ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂತೂ ಪ್ಯೂರ್ ವೆಜಿಟೇರಿಯನ್ ಹೊಟ್ಟೆಯೊಂದು ಸಿದ್ಧವಾಯಿತು.

ದಿನಕ್ಕೊಂದು ಹೊಟ್ಟೆ, ಪ್ರತಿಯೊಂದರಲ್ಲೂ ಎರಡು ಬಲೂನು. ಆಸ್ಪತ್ರೆಗೆ ಒಯ್ದು ಸ್ಕ್ಯಾನ್ ಮಾಡಿ, “ಎರಡೂ ಸಿಕ್ತಜ್ಜಿ!” ಎಂದು ಬರುವಳು. ಒಂದು ದಿನವೂ ತಪ್ಪಲಿಲ್ಲ. ಎಂಥ ಟೀಚರ್ ನಾನು ಎಂದುಕೊಂಡೆ.

ಪರೀಕ್ಷೆಗೆ ದೊಡ್ಡ ಡಾಕ್ಟರು ತಾವೇ ಒಂದು ಹೊಟ್ಟೆ ಮಾಡಿ ತಂದರು. ಹುಡುಗಿ ಫೇಲ್.

“ನಿಮ್ಮಜ್ಜಿ ಮಾಡಿದ ಹೊಟ್ಟಿ ಬಿಟ್ರ ಬ್ಯಾರೇದು ನೋಡಾಕ ಬರಲ್ಲೇನಮ್ಮ?” ಎಂದರಂತೆ. ಮುಂದಿನ ವಾರ ಇನ್ನೊಂದೇ ಛಾನ್ಸ್.

ಮನೆಗೆಲಸಕ್ಕೆ ಬರುವ ಡಿ. ಹಿರೇಹಾಳಿನ ಹೆಂಗಸು ಮರುದಿನ ನಾನು ಬಲೂನು ಇಡುವುದನ್ನೇ ನೋಡುತ್ತಾ ನಿಂತಳು.

“ಅಮ್ಮಾರ, ದಿನಾ ಸಣ್ಣದು ಉಪ್ಪು ಬಡಿಸೋ ಜಾಗದಾಗ, ದೊಡ್ಡದು ಪಾಯಸದ ಜಾಗದಾಗ ಇಡ್ತೀರಿ ಯಾಕ? ಹೊಟ್ಟಿ ಅಂದ್ರ ಬಾಳಿ ಎಲಿ ಏನ್ರಿ?”

ನೋಡಿಕೊಂಡೆ. ಎಡಕ್ಕೆ ಮೇಲೆ ಸಣ್ಣದು, ಬಲಕ್ಕೆ ಕೆಳಗೆ ದೊಡ್ಡದು. ಐವತ್ತು ವರ್ಷ ಎಲೆಗೆ ಬಡಿಸಿದ ಕೈ, ತನ್ನಷ್ಟಕ್ಕೆ ಬಡಿಸಿತ್ತು. ಪಾಪ, ಹುಡುಗಿ ಸ್ಕ್ಯಾನ್ ಎಲ್ಲಿ ಕಲಿತಳು? ಜಾಗ ಬಾಯಿಪಾಠ ಮಾಡಿ, ನನ್ನ ಪಂಕ್ತಿಯಲ್ಲಿ ಕೂತು ಎದ್ದಿದ್ದಳು, ಅಷ್ಟೇ.

ಅಂದಿನಿಂದ ಬಲೂನು ಇಡುವ ಕೆಲಸ ಆ ಹೆಂಗಸಿಗೆ, ಗೋಡೆಗೆ ಮುಖ ಮಾಡಿ ನಿಲ್ಲುವ ಕೆಲಸ ನನಗೆ. “ತಿರುಗಬ್ಯಾಡ್ರಿ, ಸರಿ ಮಾಡಾಕ ಬರ್ತೀರಿ ನೀವು!”

ಕೊನೆಯ ಹೊಟ್ಟೆ ಮಾತ್ರ ನಾನೇ ಮಾಡಿದೆ. ಅದರಲ್ಲಿ ಏನೂ ಇಡಲಿಲ್ಲ. ಬರಿ ಎಲೆಯನ್ನು ಯಾರ ಮುಂದೆಯೂ ಇಟ್ಟವಳಲ್ಲ ನಾನು. ಡಬ್ಬಿಗೆ ಮುಚ್ಚಳ ಹಾಕಲು ಬೇಗ ಕೈ ಬರಲಿಲ್ಲ.

ಹುಡುಗಿ ತಡವಾಗಿ ಬಂದಳು. “ಬೈಬೇಡ ಕಣಜ್ಜಿ. ಮೂರು ಸಲ ನೋಡ್ದೆ. ಇದ್ರಲ್ಲಿ ಏನೂ ಇಲ್ಲ.”

“ಶೂರ್?”

“ಶೂರ್.”

ಪರೀಕ್ಷೆಯಲ್ಲಿ ಪಾಸಾದಳು. ಡಾಕ್ಟರು ಊರಲ್ಲಿಲ್ಲದ ಒಂದು ದಿನ ಬೊಮ್ಮನಹಾಳಿನ ಕಡೆಯಿಂದ ಟ್ರ್ಯಾಕ್ಟರಿನಿಂದ ಬಿದ್ದವನೊಬ್ಬ ಬಂದ. ಬೆಳಿಗ್ಗೆ ನೋಡಿದಳು, ಸಂಜೆಯವರೆಗೆ ಮತ್ತೆ ಮತ್ತೆ ನೋಡಿದಳು. ರಕ್ತವಿರಲಿಲ್ಲ, ಬಳ್ಳಾರಿಗೆ ಕಳಿಸಲಿಲ್ಲ.

ಮನೆಗೆ ಬಂದು, “ಹಸಿವು ಕಣಜ್ಜಿ,” ಎಂದಳು. ಎಲೆ ಹಾಕಿದೆ. ಉಪ್ಪು ಎಡಕ್ಕೆ ಮೇಲೇ ಬಡಿಸಿದೆ.